ಜುಲ್ಮೀರಾಳ ನಾಲಿಗೆ

ಹನ್ನೆರಡು ಬಿಲ್ಲೆ. ಹಾಲಿನ ಖಾಲಿ ಪೊಟ್ಟಣದಿಂದ ಬಿಡಿಸಿ
ತಾರಸಿಯ ಕಟ್ಟೆ ಮೇಲೆ ಸಾಲಾಗಿಟ್ಟಿದ್ದೆ.
ಬೆಳಗಾಗುವಷ್ಟರಲ್ಲಿ ಅಳುತ್ತಿದ್ದವು.
ಮೈಯೆಲ್ಲ ಎಣ್ಣೆಯ ಬೆವರು, ತಳಕ್ಕೆ ಬಿಳಿ ಪುಡಿ,
ಒಂದರ ನಡುವೆ ತೂತು, ತೂತಿನೊಳಗೆ
ನೀರಿನಂಥದ್ದೇನೋ.
ಗುಡ್ಡದ ಕೆಳಗೆ ಕಬ್ಬಿಣದ ಅದಿರಿನ ರೈಲು ಹೋಯಿತು.
ಕೆಂಧೂಳು ಎದ್ದು ಬಂದು
ಅವುಗಳ ಮೇಲೂ ಕೂತಿತು.

ಪಕ್ಕದ ಮನೆ ಜುಲ್ಮೀರಾ
ಹಿಂಡುತ್ತಿದ್ದ ಬಟ್ಟೆ ಬಿಟ್ಟು ಗೋಡೆ ದಾಟಿ ಬಂದಳು.
ಮಾತಿಲ್ಲ. ಒಂದನ್ನೆತ್ತಿ ಮೂಸಿದಳು,
ಉಗುರಲ್ಲಿ ಕೆರೆದಳು,
ನಾಲಿಗೆಯ ತುದಿ ತಾಗಿತೋ ಇಲ್ಲವೋ
ಥೂ ಎಂದು ಮೋರಿಗೆ ಉಗಿದಳು.
"ಈ ಮೂಲೆ ಚುರ್ರೆನ್ನುತ್ತೆ.
ಆ ಮೂಲೆ ಬರೀ ಪಾಸ್ತೆಲ್."

ನಿಜವೇ. ಶುಕ್ರವಾರದ ಸಂತೆಯಲ್ಲಿ ಪಾಸ್ತೆಲ್ ಕರಿಯುವ
ಇವೊನೇತೆ ಕೊಟ್ಟ ಹಳೇ ಎಣ್ಣೆ, ಐದು ಲೀಟರ್.
ಸೋಸಿರಲಿಲ್ಲ.
ಉಪ್ಪು, ಸುಟ್ಟ ಹಿಟ್ಟಿನ ಚೂರು,
ಎಷ್ಟೋ ಸಂತೆಗಳ ಮಾಂಸದ ವಾಸನೆ, ಎಲ್ಲ ಸಮೇತ.

"ಸೋಡಾ ಎಷ್ಟು?"
"ಒಂದು ಗ್ಲಾಸು."
"ಯಾವ ಗ್ಲಾಸು?"
ತೋರಿಸಿದೆ. ಚೀಸು ಮುಗಿದ ಮೇಲೆ ತೊಳೆದಿಟ್ಟುಕೊಂಡದ್ದು,
ಅಂಚಿನಲ್ಲಿ ಸೀಳು.
"ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಕೂತು
ಐದು ಸೆಂಟಾವೊ ಚಿಲ್ಲರೆ ತಪ್ಪದ ಜೆನಿವಾಲ್ದೊ,
ಸುಡುವ ವಸ್ತುವನ್ನು ಕಣ್ಣಳತೆಗೆ ಬಿಟ್ಟೆಯಾ?"

ಬಸ್ಸಿಗೀಗ ಕಾರ್ಡು ಉಜ್ಜುವ ಯಂತ್ರ ಬಂದಿದೆ.
ಅದು ಚಿಲ್ಲರೆ ಕೊಡುವುದಿಲ್ಲ,
ಕೈ ಬೀಸಿ ಓಡಿ ಬರುವ ಮುದುಕಿಗೆ
ಸ್ವಲ್ಪ ತಡೆಯಪ್ಪ ಎಂದು ಡ್ರೈವರನಿಗೆ ಹೇಳುವುದೂ ಇಲ್ಲ.
ಅದನ್ನೆಲ್ಲ ಅಲ್ಲಿ ಹೇಳಲಿಲ್ಲ.
ಕಲಕುತ್ತಿದ್ದಾಗ ಎದುರುಮನೆ ಸೊಸೆ ಬಾಗಿಲಲ್ಲಿ ನಿಂತು
ಆಹಾ ಎಷ್ಟು ಚೆಂದ ಅಂದಳು,
ಕಣ್ಣು ಬಿತ್ತೇನೋ ಎಂದೆ.

"ಕಣ್ಣು ಬಿದ್ದರೆ ಎಣ್ಣೆಗೆ ಉಪ್ಪು ಬೀಳುತ್ತಾ?
ಇರಲಿ, ಅದೂ ಇರಬಹುದು.
ಮುಂದಿನ ಸಲ ಕಿವಿಗೊಂದು ಆರ್ರೂದ ಕಡ್ಡಿ ಸಿಕ್ಕಿಸಿಕೊ.
ಮೊದಲು ತಕ್ಕಡಿ ತಗೊ."

ಆಮೇಲೆ, ಎಷ್ಟು ಹೊತ್ತು ತಿರುವಿದೆ ಅಂದಳು.
"ಗಟ್ಟಿಯಾಗುವ ತನಕ. ಬೇಗನೇ ಆಯಿತು.
ಕೋಲೆತ್ತಿದರೆ ಗೆರೆ ನಿಲ್ಲುತ್ತಿತ್ತು."
"ಯಾವಾಗ?"
"ಮೊನ್ನೆ ರಾತ್ರಿ. ಸಂತ ಜುವಾಂವನ ಬೆಂಕಿ ಆರಿದ ಮೇಲೆ."

ಬಿಲ್ಲೆಯನ್ನು ಮೆಲ್ಲಗೆ ಕೆಳಗಿಟ್ಟಳು.
"ಜೂನಿನ ರಾತ್ರಿ. ಹಂದಿಕೊಬ್ಬೂ ಹಾಕಿದ್ದೆ ಅಲ್ವಾ?
ಅದು ಕೂಡಿದ್ದಲ್ಲ, ಮಗಾ.
ಚಳಿಗೆ ಹೆಪ್ಪುಗಟ್ಟಿದ್ದು.
ಕೂಡಿದ್ದೂ, ಚಳಿಗೆ ಒತ್ತಿಕೊಂಡು ಕೂತದ್ದೂ
ರಾತ್ರಿ ನೋಡೋಕೆ ಒಂದೇ ಥರ.
ಬಿಸಿಲು ಬಂದ ಮೇಲೆ ಗೊತ್ತಾಗೋದು.
ನನಗೆ ಗೊತ್ತಾಗೋಕೆ ಹನ್ನೊಂದು ವರ್ಷ ಹಿಡೀತು."
ಸೋಪಿನ ಮಾತೋ, ಬೇರೆಯೋ,
ನಾನು ಕೇಳಲಿಲ್ಲ.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹನ್ನೆರಡನ್ನೂ ತುರಿದೆವು.
ಅಲ್ಯೂಮಿನಿಯಂ ಪಾತ್ರೆ ತಂದೆ, ಕಿತ್ತು ಬಿಸಾಕಿದಳು.
ಸೋಡಾ ಮೊದಲು ಪಾತ್ರೆಯನ್ನೇ ತಿನ್ನುತ್ತಂತೆ.
ಅವಳದೇ ಹಳೇ ಎನಾಮೆಲ್ ಕೊಡ, ಸಣ್ಣ ಉರಿ, ಚೂರು ನೀರು.
ಜೋಳದ ಆಂಗು ತೊಳಸಿದಂತೆ ತೊಳಸಿದೆ,
ರಟ್ಟೆ ಬಿದ್ದುಹೋಗುವ ತನಕ,
ಬಿದ್ದುಹೋದ ಮೇಲೂ.
ಆಗೊಮ್ಮೆ ಅದು ಅಂಚಿನಿಂದ ತೆಳ್ಳಗೆ ಹೊಳೆಯತೊಡಗಿತು,
ಬೆಂದ ಆಲೂಗಡ್ಡೆಯ ಒಳಮೈಯಂತೆ.
"ಈಗ" ಅಂದಳು. ಅಷ್ಟೇ.

ನಲವತ್ತು ದಿನ.
ಚಿಲ್ಲರೆ ಎಣಿಸುವ ಹಾಗೆ ಎಣಿಸಿದೆ.
ಬೂದು ಬಣ್ಣ, ಗಂಟುಗಂಟು, ಸಂತೆಗಿಟ್ಟರೆ ಯಾರೂ ಮುಟ್ಟಲಾರರು.
ಮೂಸಿದರೆ ಇನ್ನೂ ದೂರದಲ್ಲೆಲ್ಲೋ ಪಾಸ್ತೆಲ್.

ಆಗಸ್ಟಿನ ಒಂದು ಬೆಳಗ್ಗೆ, ಯಾರೂ ಇಲ್ಲದಾಗ,
ಕಣ್ಣು ಮುಚ್ಚಿ ನಾಲಿಗೆ ತಾಗಿಸಿ ನಿಂತೆ.
ಕೆಳಗೆ ರೈಲು. ಎಂಬತ್ತು ಡಬ್ಬಿ, ತೊಂಬತ್ತು, ನೂರು.
ನಾಲಿಗೆ ಸುಮ್ಮನಿತ್ತು.
ಏನೂ ಆಗದಿರುವುದಕ್ಕೆ ಒಂದು ರುಚಿಯಿರುತ್ತದೆಂದು
ನನಗೆ ಗೊತ್ತಿರಲಿಲ್ಲ.

ಗೋಡೆಯಾಚೆಯಿಂದ, ಕಾಣದೆಯೇ, ಜುಲ್ಮೀರಾ:
"ಏನನ್ನುತ್ತೆ?"
"ಏನೂ ಅನ್ನಲ್ಲ!"
ಬಟ್ಟೆ ಕಲ್ಲಿಗೆ ಬಡಿದ ಸದ್ದು, ಒಂದು, ಎರಡು.
"ಇನ್ನೊಂದು ಮೂಲೆ ನೋಡು."